ತಿಮಿಂಗಿಲದ ದೋಣಿಯೋ, ಹಕ್ಕಿಯ ದೋಣಿಯೋ: ಮಾಂಟೆರೇ ಕೊಲ್ಲಿಗೆ ಹೊರಡುವ ಮುನ್ನ

ಊರಿನಿಂದ ಅಪ್ಪ ಅಮ್ಮ ಬಂದಿಳಿದ ಎರಡನೆಯ ವಾರಕ್ಕೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ, ಸನ್ನಿವೇಲ್, ಫ್ರೀಮಾಂಟ್ ಕಡೆಯ ಕನ್ನಡದ ಮನೆಗಳಲ್ಲಿ ಒಂದು ಪಟ್ಟಿ ತಯಾರಾಗುತ್ತದೆ. ಗೋಲ್ಡನ್ ಗೇಟ್ ಸೇತುವೆ, ಯೊಸೆಮಿಟಿ, ಲಿವರ್‌ಮೋರ್ ದೇವಸ್ಥಾನ, ಆಮೇಲೆ ತಿಮಿಂಗಿಲ. ಮೊದಲ ಮೂರಕ್ಕೆ ಯಾರ ಸಲಹೆಯೂ ಬೇಕಿಲ್ಲ. ನಾಲ್ಕನೆಯದಕ್ಕೆ ನನಗೆ ಫೋನ್ ಬರುತ್ತದೆ. ಹನ್ನೆರಡು ವರ್ಷಗಳಿಂದ ತಿಮಿಂಗಿಲ ತೋರಿಸಲು ಕಡಲಿಗೆ ಹೋಗುವ ಈ ದೋಣಿಗಳನ್ನು ಹತ್ತಿ ಇಳಿಯುತ್ತಿದ್ದೇನೆ, ಎರಡು ಸಲ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಪೆಸಿಫಿಕ್ ಸಾಗರಕ್ಕೆ ಒಪ್ಪಿಸಿದ್ದೇನೆ, ಅಷ್ಟೇ ನನ್ನ ಅರ್ಹತೆ.

ಎಲ್ಲರ ಪ್ರಶ್ನೆಯೂ ಒಂದೇ: ಯಾವ ಕಂಪನಿ ಒಳ್ಳೆಯದು? ನಾನು ಉತ್ತರ ಕೊಡುವ ಬದಲು ತಿರುಗಿ ಕೇಳುತ್ತೇನೆ. ಯಾವ ತಿಂಗಳು ಹೋಗುತ್ತೀರಿ? ಜೊತೆಗೆ ಯಾರು ಬರುತ್ತಾರೆ? ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕುವವರು ಯಾರಾದರೂ ಇದ್ದಾರೆಯೇ? ಇವು ತೀರ್ಮಾನವಾದರೆ ಮುಕ್ಕಾಲು ಆಯ್ಕೆ ಮುಗಿದಂತೆ. ಕಂಪನಿಯ ಹೆಸರು ಕೊನೆಗೆ ಬರುವ ಸಂಗತಿ. ಅದಕ್ಕಿಂತ ಮುಖ್ಯವಾದದ್ದು ಆ ದಿನ ಮೈಕು ಹಿಡಿದು ನಿಂತು ಕಂಡ ಪ್ರಾಣಿಗಳ ವಿಷಯ ಹೇಳುವ ನ್ಯಾಚುರಲಿಸ್ಟ್ ಯಾರು, ಅವರು ಹಕ್ಕಿಗಳನ್ನು ನೋಡುವವರೋ ಅಲ್ಲವೋ ಎಂಬುದು. ತಿಮಿಂಗಿಲ ನೋಡಲು ಹೋಗುವವರಿಗೆ ಹಕ್ಕಿಯ ಗೊಡವೆ ಏಕೆ ಎಂದು ಕೇಳಬೇಡಿ, ಮುಂದೆ ಹೇಳುತ್ತೇನೆ.

ಕಣಿವೆ ಬಾಗಿಲಿಗೇ ಬಂದಿದೆ

ಭೂಪಟದಲ್ಲಿ ನೋಡಿದರೆ ಕ್ಯಾಲಿಫೋರ್ನಿಯಾದ ಕರಾವಳಿಯನ್ನು ಯಾರೋ ದೋಸೆಯಂತೆ ಒಂದು ತುತ್ತು ಮುರಿದುಕೊಂಡಂತೆ ಮಾಂಟೆರೇ ಕೊಲ್ಲಿ ಕಾಣುತ್ತದೆ. ಉತ್ತರದಲ್ಲಿ ಸಾಂತಾ ಕ್ರೂಜ್, ದಕ್ಷಿಣದಲ್ಲಿ ಮಾಂಟೆರೇ, ನಡುವೆ ಮಾಸ್ ಲ್ಯಾಂಡಿಂಗ್ ಎಂಬ ಮೀನುಗಾರರ ಪುಟ್ಟ ಬಂದರು. ಈ ಬಂದರಿನ ಬಾಯಲ್ಲೇ ಕಡಲ ತಳದ ದೊಡ್ಡ ಕಣಿವೆಯೊಂದು ಶುರುವಾಗಿ ಪಶ್ಚಿಮಕ್ಕೆ ಸಾಗುತ್ತದೆ. ಕೆಲವೆಡೆ ಅದರ ಗೋಡೆಗಳೇ ಒಂದೂವರೆ ಕಿಲೋಮೀಟರಿಗೂ ಹೆಚ್ಚು ಎತ್ತರ. ಕಡಲು ಬತ್ತಿದರೆ ಜನ ಗ್ರ್ಯಾಂಡ್ ಕ್ಯಾನ್ಯನ್ ಬಿಟ್ಟು ಇದನ್ನೇ ನೋಡಲು ಬರುತ್ತಿದ್ದರೇನೋ.

ವಸಂತದಿಂದ ಬೇಸಿಗೆಯವರೆಗೆ ವಾಯವ್ಯದ ಗಾಳಿ ಬೀಸಿ ಮೇಲಿನ ನೀರನ್ನು ದಡದಿಂದ ಆಚೆಗೆ ತಳ್ಳುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಗೊಬ್ಬರ ಹೊತ್ತು ಮೇಲೇರುತ್ತದೆ. ಬಿಸಿಲು ಬಿದ್ದ ಕೂಡಲೇ ಕಣ್ಣಿಗೆ ಕಾಣದ ಹಸಿರು ಚಿಗುರುತ್ತದೆ, ಅದನ್ನು ತಿನ್ನಲು ಸಿಗಡಿಯಂಥ ಪುಟ್ಟ ಕ್ರಿಲ್, ಮಂಗಳೂರಿನ ಕಡೆ ಕೊಲ್ಲತರು ಎನ್ನುವ ಜಾತಿಯ ಆಂಚೊವಿ ಮೀನು, ಅವುಗಳ ಹಿಂದೆ ಉಳಿದವರೆಲ್ಲ. ತಿಮಿ ಎಂಬ ಮಹಾಮೀನನ್ನೂ ನುಂಗುವುದು ಎಂಬ ಅರ್ಥದಲ್ಲಿ ನಮ್ಮ ಹಿರಿಯರು ತಿಮಿಂಗಿಲ ಎಂದು ಹೆಸರಿಟ್ಟರು. ವಾಸ್ತವದಲ್ಲಿ ನೀಲಿ ತಿಮಿಂಗಿಲ ನುಂಗುವುದು ಕಿರುಬೆರಳಿಗಿಂತ ಚಿಕ್ಕದಾದ ಕ್ರಿಲ್ಲನ್ನು, ದಿನಕ್ಕೆ ಟನ್ನುಗಟ್ಟಲೆ.

ಬೇರೆ ಕಡಲುಗಳಲ್ಲಿ ಇಂಥ ಆಳವಾದ ನೀರು ಮುಟ್ಟಲು ಗಂಟೆಗಟ್ಟಲೆ ಸಾಗಬೇಕು. ಇಲ್ಲಿ ಆಳವೇ ದಡಕ್ಕೆ ಬಂದಿರುವುದರಿಂದ ಅರ್ಧ ದಿನದ ಪ್ರಯಾಣದಲ್ಲೂ ದೊಡ್ಡವು ಸಿಗುತ್ತವೆ. 1992ರಲ್ಲಿ ಇದನ್ನು ರಾಷ್ಟ್ರೀಯ ಸಾಗರ ಅಭಯಧಾಮವೆಂದು ಘೋಷಿಸಿದರು. ಅದೇ ಮಾಂಟೆರೇ ಊರಿನಲ್ಲಿ ಹತ್ತೊಂಬತ್ತನೆಯ ಶತಮಾನದ ತಿಮಿಂಗಿಲ ಬೇಟೆಗಾರರ ಮನೆಯೊಂದು ಇಂದಿಗೂ ಇದೆ. ಅದರ ಮುಂದಿನ ಕಾಲುದಾರಿಗೆ ಹಾಸಿರುವುದು ಕಲ್ಲಲ್ಲ, ತಿಮಿಂಗಿಲದ ಮೂಳೆ. ದೋಣಿ ಹತ್ತುವ ಮುಂಚೆ ಹೋಗಿ ನೋಡಿ ಬನ್ನಿ, ಐದು ನಿಮಿಷದ ಕೆಲಸ.

ತಿಂಗಳನ್ನು ಮೊದಲು ಆರಿಸಿ

ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಬೂದು ತಿಮಿಂಗಿಲಗಳ ಕಾಲ. ಅಲಾಸ್ಕದಾಚೆಯ ಉತ್ತರದ ಕಡಲಿನಲ್ಲಿ ಬೇಸಿಗೆಯೆಲ್ಲ ಉಂಡು, ಮರಿ ಹಾಕಲು ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದ ಹಿನ್ನೀರಿಗೆ ಇಳಿದು, ಮತ್ತೆ ಮರಳುತ್ತವೆ. ಹೋಗಿ ಬರುವ ದಾರಿ ಸುಮಾರು 16,000 ಕಿಲೋಮೀಟರ್, ಕೆಲವಕ್ಕೆ ಇನ್ನೂ ಹೆಚ್ಚು. ಜನವರಿ ನಡುಭಾಗದಲ್ಲಿ ದಕ್ಷಿಣಕ್ಕೆ ಹೋಗುವ ದಂಡು ಜೋರು, ಮಾರ್ಚ್‌ನಲ್ಲಿ ಉತ್ತರಕ್ಕೆ ಮರಳುವ ದಂಡು. ಶಿವರಾತ್ರಿಗೆ ಧರ್ಮಸ್ಥಳಕ್ಕೆ ಹೊರಟ ಪಾದಯಾತ್ರಿಗಳನ್ನು ನೋಡಿದ್ದೀರಲ್ಲ, ಹಾಗೆಯೇ ಇವು: ದಡದ ಅಂಚು ಹಿಡಿದು, ಅಕ್ಕಪಕ್ಕ ನೋಡದೆ, ಒಂದೇ ಗತಿಯಲ್ಲಿ ನಡೆಯುತ್ತವೆ. ಮೂರು ನಾಲ್ಕು ಸಲ ಉಸಿರು ಬಿಟ್ಟು, ಬಾಲವೆತ್ತಿ ಮುಳುಗಿ, ನಾಲ್ಕೈದು ನಿಮಿಷದ ಮೇಲೆ ಮುಂದೆಲ್ಲೋ ಏಳುತ್ತವೆ. ಲೆಕ್ಕ ಹಾಕಿ ಕಾಯುವವರಿಗೆ ಇದೊಂದು ಸೊಗಸು. ಆದರೆ ಚಿತ್ರಗಳಲ್ಲಿ ನೋಡಿದ ನೆಗೆತ, ಚಿಮ್ಮುವಿಕೆ ಬಯಸಿ ಬಂದವರು 'ಇಷ್ಟೇನಾ' ಎನ್ನುತ್ತಾರೆ. ಪ್ರಯಾಣ ಮಾತ್ರ ಚಿಕ್ಕದು, ಎರಡೂವರೆ ಮೂರು ಗಂಟೆ. ಚಿಕ್ಕ ಮಕ್ಕಳಿದ್ದರೆ ಇದು ಅನುಕೂಲ. ಚಳಿಗಾಲದ ಬಿರುಗಾಳಿಗೆ ದೋಣಿ ರದ್ದಾಗುವ ದಿನಗಳೂ ಇರುತ್ತವೆ ಎಂಬುದನ್ನು ಮರೆಯಬೇಡಿ.

ಏಪ್ರಿಲ್ ಕೊನೆ ಮತ್ತು ಮೇ ಬೇರೆಯೇ ನಾಟಕ. ತಾಯಿ ಬೂದು ತಿಮಿಂಗಿಲಗಳು ಮರಿಗಳನ್ನು ಕರೆದುಕೊಂಡು ಉತ್ತರಕ್ಕೆ ಹೋಗುವಾಗ ದಡದ ಆಸರೆ ಬಿಟ್ಟು ಕಣಿವೆಯ ಆಳ ನೀರನ್ನು ದಾಟಬೇಕು. ಅಲ್ಲಿ ಕೊಲೆಗಡುಕ ತಿಮಿಂಗಿಲವೆಂದೂ ಕರೆಯುವ ಓರ್ಕಾಗಳು ಹೊಂಚು ಹಾಕುತ್ತವೆ. ಓರ್ಕಾ ನೋಡಬೇಕೆಂದೇ ಹಟ ಹಿಡಿದವರಿಗೆ ಇದು ಒಳ್ಳೆಯ ಸಮಯ, ಖಾತರಿಯಂತೂ ಇಲ್ಲ. ಆದರೆ ಬೇಟೆ ಸಿಕ್ಕರೆ ಅದು ಗಂಟೆಗಟ್ಟಲೆ ನಡೆಯುತ್ತದೆ, ತಾಯಿ ಮರಿಯನ್ನು ಬೆನ್ನ ಮೇಲೆ ಎತ್ತಿಕೊಳ್ಳಲು ನೋಡುತ್ತದೆ. ಎಂಟು ವರ್ಷದ ಮಗಳನ್ನು ಕರೆದುಕೊಂಡು ಹೋಗಿದ್ದ ಗೆಳೆಯನೊಬ್ಬ ವಾಪಸು ಬರುವ ದಾರಿಯಿಡೀ ಅವಳಿಗೆ ಸಮಾಧಾನ ಹೇಳಬೇಕಾಯಿತು.

ಮೇ ಮುಗಿದ ಮೇಲೆ ನವೆಂಬರ್‌ವರೆಗೆ ಹಂಪ್‌ಬ್ಯಾಕ್ ತಿಮಿಂಗಿಲಗಳದ್ದೇ ಕಾರುಬಾರು. ಇವು ಇಲ್ಲಿಗೆ ಬರುವುದೇ ತಿನ್ನಲು, ಆದ್ದರಿಂದ ನಿಂತಲ್ಲೇ ಆಟ ತೋರಿಸುತ್ತವೆ. ಆಂಚೊವಿಯ ಹಿಂಡನ್ನು ಕೆಳಗಿನಿಂದ ಒತ್ತಿ ತಂದು ಬಾಯಿ ತೆರೆದು ಮೇಲೇಳುವಾಗ ಗಂಟಲಿನ ನೆರಿಗೆಗಳು ಸೀರೆಯ ನೆರಿಗೆಯಂತೆ ಬಿಚ್ಚಿಕೊಳ್ಳುತ್ತವೆ. ಗಾಳಿ ನಿಮ್ಮ ಕಡೆಗಿದ್ದರೆ ಉಸಿರಿನ ವಾಸನೆಯೂ ಬರುತ್ತದೆ, ಕೊಳೆತ ಮೀನಿಗೆ ಕೊಳೆತ ಎಲೆಕೋಸು ಬೆರೆತಂತೆ. ಮಾಂಸ ಮುಟ್ಟದ ನಮ್ಮತ್ತೆಗೆ ಆ ದಿನ ರಾತ್ರಿ ಊಟ ಸೇರಲಿಲ್ಲ.

ನೀಲಿ ತಿಮಿಂಗಿಲ ಜುಲೈಯಿಂದ ಅಕ್ಟೋಬರ್ ನಡುವೆ ಬಂದರೆ ಬಂತು. ಕ್ರಿಲ್ ದಟ್ಟವಾಗಿರುವ ವರ್ಷ ದಿನವೂ ಕಾಣುತ್ತದೆ, ಇಲ್ಲದ ವರ್ಷ ಬೇಸಿಗೆಯಿಡೀ ಸುಳಿವಿಲ್ಲ. ಅದನ್ನೊಂದನ್ನೇ ನಂಬಿ ಟಿಕೆಟ್ ತೆಗೆಯಬೇಡಿ. ಉಸಿರು ಮನೆಯ ಮೂರನೆಯ ಮಹಡಿಯಷ್ಟು ಎತ್ತರದ ನೇರ ಕಂಬವಾಗಿ ಏಳುತ್ತದೆ. ಹಂಪ್‌ಬ್ಯಾಕಿನದು ಕುಳ್ಳಗೆ, ಪೊದೆಯ ಹಾಗೆ. ಬೂದು ತಿಮಿಂಗಿಲದ್ದು ಎದುರಿನಿಂದ ನೋಡಿದರೆ ಎರಡು ಕವಲಾಗಿ ಹೃದಯದ ಆಕಾರ. ಇಷ್ಟು ತಿಳಿದಿದ್ದರೆ ಮೈಕಿನಲ್ಲಿ ಹೇಳುವ ಮೊದಲೇ ಪಕ್ಕದವರಿಗೆ ನೀವೇ ಹೇಳಿ ಮಾನ ಪಡೆಯಬಹುದು.

ಒಂದೇ ಒಂದು ತಿಂಗಳು ಹೇಳಿ ಎಂದರೆ ನಾನು ಹೇಳುವುದು ಸೆಪ್ಟೆಂಬರ್. ಜೂನ್, ಜುಲೈ, ಆಗಸ್ಟ್‌ಗಳಲ್ಲಿ ಮಂಜು ಕವಿದು ಮೂಗಿನ ತುದಿಯೂ ಕಾಣದ ದಿನಗಳಿರುತ್ತವೆ. ಸೆಪ್ಟೆಂಬರಿನಲ್ಲಿ ಗಾಳಿ ಇಳಿಯುತ್ತದೆ, ಹಂಪ್‌ಬ್ಯಾಕ್‌ಗಳು ಇನ್ನೂ ಇರುತ್ತವೆ, ಹಕ್ಕಿಗಳ ಮಟ್ಟಿಗಂತೂ ಅದೇ ಸುಗ್ಗಿ. ಆರು ತಿಂಗಳಿಗೆಂದು ಮೇ ತಿಂಗಳಲ್ಲಿ ಬರುವ ಹಿರಿಯರಿಗೆ ಹೊರಡುವ ಮುನ್ನ ಇದೊಂದು ಬಾಕಿ ಇಟ್ಟಿರಿ.

ಮೂರು ಬಂದರು

ಮಾಂಟೆರೇಯ ಹಳೆಯ ಮೀನುಗಾರರ ಕಟ್ಟೆಯಿಂದ ಹೊರಡುವ ದೋಣಿಗಳೇ ಹೆಚ್ಚು. ಸ್ಯಾನ್ ಹೊಸೆಯಿಂದ ಸುಮಾರು 115 ಕಿಲೋಮೀಟರ್. ಬಂದರಿನ ಒಡ್ಡಿನ ಮೇಲೆ ಕಡಲ ಸಿಂಹಗಳು ಸಂತೆ ಹೂಡಿರುತ್ತವೆ, ಕೆಲ್ಪ್ ಪಾಚಿಯಲ್ಲಿ ಕಡಲ ನೀರುನಾಯಿ ಮಲಗಿರುತ್ತದೆ. ಕೊಲ್ಲಿಯ ದಕ್ಷಿಣ ಮೂಲೆ ಪಶ್ಚಿಮದ ಅಲೆಗಳಿಗೆ ಮರೆಯಾಗಿರುವುದರಿಂದ ಮೊದಲ ಹತ್ತಿಪ್ಪತ್ತು ನಿಮಿಷ ಹೊಟ್ಟೆ ಹೊಂದಿಕೊಳ್ಳಲು ಸಮಯ ಸಿಗುತ್ತದೆ. ದೋಣಿ ಇಳಿದ ಮೇಲೆ ಅಕ್ವೇರಿಯಂ ಇದೆ, ನಡೆದಾಡಲು ಬೀದಿ ಇದೆ. ಮನೆಮಂದಿಯಲ್ಲಿ ಇಬ್ಬರು ದೋಣಿ ಹತ್ತುವುದಿಲ್ಲವೆಂದರೆ ಅವರಿಗೂ ಹೊತ್ತು ಹೋಗುವ ಊರು ಇದು. ವಾಹನ ನಿಲ್ಲಿಸುವುದು ಮಾತ್ರ ಶನಿವಾರ ಭಾನುವಾರ ತಲೆನೋವು.

ಮಾಸ್ ಲ್ಯಾಂಡಿಂಗ್ ಅದಕ್ಕೆ ತದ್ವಿರುದ್ಧ. ವಿದ್ಯುತ್ ಸ್ಥಾವರದ ಎರಡು ಎತ್ತರದ ಚಿಮಣಿಗಳೇ ಗುರುತು. ಊರೆಂದರೆ ನಾಲ್ಕು ಅಂಗಡಿ, ಒಂದಷ್ಟು ಮೀನಿನ ವಾಸನೆ, ಸಾಗರ ಸಂಶೋಧನೆಯ ಸಂಸ್ಥೆಗಳು. ಆದರೆ ಬಂದರಿನ ಬಾಯಿ ದಾಟಿದರೆ ಕಣಿವೆ. ದೋಣಿಯ ಸಮಯ ಹೋಗಿ ಬರುವುದರಲ್ಲಿ ಕಳೆಯುವುದಿಲ್ಲ, ನೋಡುವುದರಲ್ಲಿ ಕಳೆಯುತ್ತದೆ. ಅಲೆಯೂ ಅಷ್ಟೇ ಬೇಗ ಎದುರಾಗುತ್ತದೆ ಎನ್ನುವುದು ಅದರ ಬೆಲೆ. ಬಂದರಿಗೆ ಸೇರಿಕೊಂಡಿರುವ ಎಲ್ಕ್‌ಹಾರ್ನ್ ಸ್ಲೂ ಎಂಬ ಹಿನ್ನೀರಿನಲ್ಲಿ ಮರಿಯನ್ನು ಎದೆಯ ಮೇಲೆ ಮಲಗಿಸಿಕೊಂಡ ನೀರುನಾಯಿಗಳನ್ನು ದಡದಲ್ಲೇ ನಿಂತು ನೋಡಬಹುದು. ನಾನು ಒಬ್ಬನೇ ಹೋಗುವುದಾದರೆ ಮಾಸ್ ಲ್ಯಾಂಡಿಂಗ್, ನೆಂಟರೊಡನೆ ಹೋಗುವುದಾದರೆ ಮಾಂಟೆರೇ.

ಮೂರನೆಯದು ಉತ್ತರದ ದಾರಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ಅಥವಾ ಹಾಫ್ ಮೂನ್ ಬೇ ಕಡೆಯಿಂದ ಫ್ಯಾರಲಾನ್ ದ್ವೀಪಗಳಿಗೆ. ಗೋಲ್ಡನ್ ಗೇಟ್‌ನಿಂದ ಸುಮಾರು 45 ಕಿಲೋಮೀಟರ್ ಪಶ್ಚಿಮಕ್ಕೆ ಕಡಲಿನಲ್ಲಿ ಹಲ್ಲುಗಳಂತೆ ಎದ್ದು ನಿಂತ ಬಂಡೆಗಳು. ಇಡೀ ದಿನದ ಪ್ರಯಾಣ, ಬಯಲು ಕಡಲು, ಹೊಟ್ಟೆಗೆ ಕಠಿಣ ಪರೀಕ್ಷೆ. ದ್ವೀಪಕ್ಕೆ ಕಾಲಿಡುವ ಹಾಗಿಲ್ಲ, ಅಲ್ಲಿರುವುದು ಸಂಶೋಧಕರು ಮಾತ್ರ. 1968ರಿಂದ ಅವರು ಹಕ್ಕಿಗಳ ಲೆಕ್ಕ ಇಡುತ್ತಿದ್ದಾರೆ. ಆದರೂ ಏಕೆ ಹೋಗಬೇಕೆಂದರೆ, ಅಲಾಸ್ಕ ಹವಾಯಿ ಬಿಟ್ಟ ಉಳಿದ ಅಮೆರಿಕದಲ್ಲಿ ಕಡಲಹಕ್ಕಿಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಗೂಡು ಕಟ್ಟುವ ಜಾಗ ಇನ್ನೊಂದಿಲ್ಲ. ದ್ವೀಪ ಕಣ್ಣಿಗೆ ಬೀಳುವ ಮೊದಲೇ ಹಿಕ್ಕೆಯ ವಾಸನೆ ಮೂಗಿಗೆ ಬೀಳುತ್ತದೆ.

ಈ ಬಂಡೆಗಳಿಗೊಂದು ವಿಚಿತ್ರ ಕಥೆಯಿದೆ. ಚಿನ್ನದ ಬೆನ್ನು ಹತ್ತಿ ಸ್ಯಾನ್ ಫ್ರಾನ್ಸಿಸ್ಕೋಗೆ ಜನ ನುಗ್ಗಿದ ಕಾಲದಲ್ಲಿ ಊರಿನಲ್ಲಿ ಕೋಳಿಗಳಿರಲಿಲ್ಲ, ಮೊಟ್ಟೆಗೆ ಬರ. ಫ್ಯಾರಲಾನ್‌ನ ಮರ್ ಎಂಬ ಕಡಲಹಕ್ಕಿಯ ಮೊಟ್ಟೆಗಳನ್ನು ಲಕ್ಷಗಟ್ಟಲೆ ಕದ್ದು ತಂದು ಮಾರಿದರು. ವ್ಯಾಪಾರಕ್ಕಾಗಿ ಗುಂಪುಗಳು ಬಡಿದಾಡಿ 1863ರಲ್ಲಿ ಗುಂಡು ಹಾರಿ ಹೆಣವೂ ಬಿತ್ತು. ಮೊಟ್ಟೆ ಯುದ್ಧವೆಂದೇ ಅದಕ್ಕೆ ಹೆಸರು. 1909ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಇಲ್ಲಿನ ಬಂಡೆಗಳನ್ನು ಪಕ್ಷಿಧಾಮವಾಗಿಸಿದರು.

ಫ್ಯಾರಲಾನ್‌ಗೆ ಹೋಗುವುದಾದರೆ ಮೇ ಕೊನೆಯಿಂದ ಜುಲೈ ನಡುವೆ ಹೋಗಿ. ಆಗಸ್ಟ್ ಬಂತೆಂದರೆ ಮರ್ ಹಕ್ಕಿಗಳು ಬಂಡೆ ಖಾಲಿ ಮಾಡಿ ಹೊರಟಿರುತ್ತವೆ, ಕೊಕ್ಕಿಗೆ ಕೇಸರಿ ಬಳಿದುಕೊಂಡ ಪಫಿನ್ ಕೂಡ ಅಪರೂಪವಾಗುತ್ತದೆ. ಊರಿನಿಂದ ಬಂದ ಎಪ್ಪತ್ತರ ಹಿರಿಯರನ್ನು ಮೊದಲ ಸಲಕ್ಕೇ ಇಲ್ಲಿಗೆ ಕರೆದೊಯ್ಯುವುದನ್ನು ನಾನು ಒಪ್ಪುವುದಿಲ್ಲ.

ಹಕ್ಕಿಯ ದೋಣಿ ಎಂಬುದು ಬೇರೆಯೇ ಜಾತಿ

ಹೆಚ್ಚಿನವರಿಗೆ ಇಂಥದೊಂದು ಇದೆ ಎಂದೇ ತಿಳಿದಿರುವುದಿಲ್ಲ. ಕಡಲಹಕ್ಕಿಗಳಿಗಾಗಿಯೇ ಹೊರಡುವ ದೋಣಿಗಳನ್ನು ಇಲ್ಲಿ 'ಪೆಲಾಜಿಕ್' ಎನ್ನುತ್ತಾರೆ. ಮಾಂಟೆರೇ ಮತ್ತು ಹಾಫ್ ಮೂನ್ ಬೇಯಿಂದ, ಮುಖ್ಯವಾಗಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ, ಆಯ್ದ ದಿನಗಳಲ್ಲಿ ಮಾತ್ರ ಹೋಗುತ್ತವೆ. ಬೆಳಗ್ಗೆ ಏಳಕ್ಕೆ ಹೊರಟರೆ ವಾಪಸಾಗುವುದು ಮಧ್ಯಾಹ್ನ ಮೂರು ನಾಲ್ಕಕ್ಕೆ, ಕೆಲವು ಇನ್ನೂ ತಡ. ತಿಮಿಂಗಿಲದ ಅರ್ಧ ದಿನದ ದೋಣಿಗೆ ಕೊಡುವುದರ ಎರಡರಷ್ಟೋ ಇನ್ನೂ ಹೆಚ್ಚೋ ಟಿಕೆಟ್ಟಿಗೆ ತೆರಬೇಕು. ಒಬ್ಬ ಮಾರ್ಗದರ್ಶಿಯ ಬದಲು ಮೂರು ನಾಲ್ಕು ಜನ ಇರುತ್ತಾರೆ, ದೋಣಿಯ ಮೂಲೆಗೊಬ್ಬರು. ಸಹಪ್ರಯಾಣಿಕರು ಕೊರಳಿಗೆ ದುರ್ಬೀನು, ಕೈಯಲ್ಲಿ ಒಂದು ಅಡಿಯ ಲೆನ್ಸು ಹಿಡಿದವರು. ಹಕ್ಕಿಯೊಂದರ ಬಾಲದ ಬುಡ ಬಿಳಿಯೋ ಬೂದೋ ಎಂದು ಅರ್ಧ ಗಂಟೆ ವಾದಿಸುವವರು. ಮಕ್ಕಳಿಗೆ ಬೇಸರ ಬರುವುದು ಖಂಡಿತ.

ಎರಡರ ನಡುವೆ ನಿಜವಾದ ವ್ಯತ್ಯಾಸ ಇಲ್ಲಿದೆ. ತಿಮಿಂಗಿಲದ ದೋಣಿ ಉಸಿರು ಕಂಡ ಕಡೆಗೆ ವೇಗವಾಗಿ ಓಡುತ್ತದೆ, ದಾರಿಯಲ್ಲಿ ಏಳುವ ಹಕ್ಕಿಗಳೆಲ್ಲ ಹಿಂದೆ ಉಳಿಯುತ್ತವೆ. ಹಕ್ಕಿಯ ದೋಣಿ ನಿಧಾನ, ತೆಪ್ಪದಂತೆ ತೇಲುವುದೂ ಉಂಟು. ಆದರೆ ಅದು ತಿಮಿಂಗಿಲ ಕಂಡರೆ ಬಿಟ್ಟು ಹೋಗುವುದಿಲ್ಲ, ನಿಂತು ನೋಡಿಯೇ ಹೋಗುತ್ತದೆ. ಕಳೆದ ಕೆಲವು ವರ್ಷಗಳಲ್ಲಿ ನಾನು ಅತಿ ಹತ್ತಿರದಿಂದ ಹಂಪ್‌ಬ್ಯಾಕ್ ನೋಡಿದ್ದು ಹಕ್ಕಿಯ ದೋಣಿಗಳಲ್ಲೇ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಭೂತಾಯಿ ಮೀನಿನ ಹಿಂಡು ಎಲ್ಲಿದೆ ಎಂದು ನಮ್ಮ ಕರಾವಳಿಯ ಮೀನುಗಾರರು ಆಕಾಶ ನೋಡಿ ಪತ್ತೆ ಹಚ್ಚುವುದಿಲ್ಲವೇ? ಇಲ್ಲಿಯೂ ಅದೇ ಲೆಕ್ಕ. ಪೆಲಿಕನ್‌ಗಳು ಧುಮುಕುತ್ತಿದ್ದರೆ, ಶಿಯರ್‌ವಾಟರ್ ಎಂಬ ಕಡಲಹಕ್ಕಿಗಳು ನೀರಿನ ಮೇಲೆ ಕಪ್ಪು ಕಂಬಳಿ ಹಾಸಿದಂತೆ ಕುಳಿತು ಒಮ್ಮೆಲೇ ಎದ್ದರೆ, ಕೆಳಗೆ ಮೀನಿದೆ. ಮೀನಿದ್ದಲ್ಲಿಗೆ ತಿಮಿಂಗಿಲ ಬರುತ್ತದೆ.

ಹಕ್ಕಿಗಳ ಊರು ಕೇಳಿದರೆ ತಲೆ ತಿರುಗುತ್ತದೆ. ಸೂಟಿ ಶಿಯರ್‌ವಾಟರ್ ನ್ಯೂಜಿಲೆಂಡಿನ ಬಿಲಗಳಲ್ಲಿ ಮರಿ ಮಾಡಿ ಬೇಸಿಗೆ ಕಳೆಯಲು ಇಲ್ಲಿಗೆ ಬರುತ್ತದೆ. ಕಾಲಿಗೆ ಸಣ್ಣ ಯಂತ್ರ ಕಟ್ಟಿ ನೋಡಿದಾಗ ವರ್ಷಕ್ಕೆ ಸುಮಾರು 64,000 ಕಿಲೋಮೀಟರ್ ಹಾರುತ್ತವೆ ಎಂದು 2006ರಲ್ಲಿ ತಿಳಿದುಬಂತು. ಗುಲಾಬಿ ಕಾಲಿನ ಶಿಯರ್‌ವಾಟರ್ ಚಿಲಿ ದೇಶದ ದ್ವೀಪಗಳದ್ದು. ಕಪ್ಪು ಕಾಲಿನ ಆಲ್ಬಟ್ರಾಸ್ ಹವಾಯಿ ಕಡೆಯದು, ರೆಕ್ಕೆ ಬಿಚ್ಚಿದರೆ ಎರಡು ಮೀಟರ್. ನಮ್ಮ ಗರುಡನಿಗೆ ಒಂದು ಮೀಟರ್ ಚಿಲ್ಲರೆ. ಮೊದಲ ಸಲ ಅದು ದೋಣಿಯ ಹಿಂದೆ ಬಂದಾಗ ನಾನು ಒಂದು ವಿಷಯ ಗಮನಿಸಿದೆ. ಹತ್ತು ನಿಮಿಷ ಜೊತೆಗಿದ್ದರೂ ಅದು ರೆಕ್ಕೆ ಬಡಿದದ್ದು ಬೆರಳೆಣಿಕೆಯಷ್ಟು ಸಲ. ಅಲೆಯ ಬೆನ್ನೇರಿದ ಗಾಳಿಯನ್ನೇ ಏಣಿ ಮಾಡಿಕೊಂಡು ಮೇಲೆ ಹೋಗಿ, ಓರೆಯಾಗಿ ಜಾರಿ, ರೆಕ್ಕೆಯ ತುದಿ ನೀರಿಗೆ ತಾಗಿಯೂ ತಾಗದಂತೆ ತಿರುಗುತ್ತಿತ್ತು. ಮೂಗಿನ ಮೇಲೆ ಕೊಳವೆ ಇರುವ ಈ ಕುಲದ ಹಕ್ಕಿಗಳು ವಾಸನೆ ಹಿಡಿದು ಆಹಾರ ಹುಡುಕುತ್ತವೆ. ಬೇರೆ ಕಡಲುಗಳಲ್ಲಿ ಕೆಲವು ದೋಣಿಗಳವರು ಮೀನೆಣ್ಣೆಯ ಹನಿ ಬಿಟ್ಟು ಕರೆಯುವುದು ಅದಕ್ಕೇ.

ಆಶಿ ಸ್ಟಾರ್ಮ್ ಪೆಟ್ರೆಲ್ ಎಂಬುದು ನಮ್ಮ ಹಿತ್ತಿಲ ಪಿಕಳಾರದಷ್ಟೇ ಇರುವ ಬೂದು ಹಕ್ಕಿ, ತೂಕ 40 ಗ್ರಾಂ ಆಸುಪಾಸು. ಜಗತ್ತಿನಲ್ಲಿ ಕ್ಯಾಲಿಫೋರ್ನಿಯಾ ಮತ್ತು ಪಕ್ಕದ ಬಾಹಾದ ದ್ವೀಪಗಳಲ್ಲಿ ಮಾತ್ರ ಗೂಡು ಕಟ್ಟುತ್ತದೆ. ಶರತ್ಕಾಲದಲ್ಲಿ ಇವು ಮಾಂಟೆರೇ ಕೊಲ್ಲಿಯ ಆಳ ನೀರಿನ ಮೇಲೆ ಸಾವಿರಗಟ್ಟಲೆ ಸೇರುತ್ತವೆ. ತಿಮಿಂಗಿಲದ ದೋಣಿಯಲ್ಲಿ ಇದನ್ನು ನೋಡುವ ಸಂಭವ ಕಡಿಮೆ, ಕಂಡರೂ ಯಾರೂ ಹೇಳುವುದಿಲ್ಲ.

ಎಲ್ಲ ದೋಣಿಗಳಿಂದಲೂ ಕಾಣುವ ಒಂದು ದೃಶ್ಯ ಮಾತ್ರ ತಪ್ಪಿಸಿಕೊಳ್ಳಬೇಡಿ. ಜುಲೈ ಆಗಸ್ಟ್‌ನಲ್ಲಿ ಕಪ್ಪು ಬಿಳುಪಿನ ಮರ್ ಹಕ್ಕಿಯೊಂದು ನೀರಿನ ಮೇಲೆ, ಪಕ್ಕದಲ್ಲಿ ಅದರ ಅರ್ಧದಷ್ಟು ಗಾತ್ರದ ಮರಿ. ದೊಡ್ಡದು ಗೊಗ್ಗರು ದನಿಯಲ್ಲಿ ಕರೆಯುತ್ತದೆ, ಚಿಕ್ಕದು ಸಿಳ್ಳೆ ಹಾಕಿ ಓಗೊಡುತ್ತದೆ. ಆ ದೊಡ್ಡದು ತಾಯಿಯಲ್ಲ, ತಂದೆ. ಮೂರು ವಾರದ ಮರಿ ಹಾರಲು ಬಾರದೆಯೇ ಬಂಡೆಯಿಂದ ಕಡಲಿಗೆ ಧುಮುಕುತ್ತದೆ, ಆಮೇಲೆ ಒಂದೆರಡು ತಿಂಗಳು ಸಾಕುವ ಹೊಣೆ ಅಪ್ಪನದೇ. ಇದನ್ನು ನ್ಯಾಚುರಲಿಸ್ಟ್ ಮೈಕಿನಲ್ಲಿ ಹೇಳಿದಾಗ ನನ್ನ ಮಾವನವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ದೋಣಿಯ ಗಾತ್ರ, ಮೈಕು ಹಿಡಿದವರು

ನೂರಕ್ಕೂ ಹೆಚ್ಚು ಜನರ ದೊಡ್ಡ ದೋಣಿಯಲ್ಲಿ ಮಹಡಿ ಇದೆ, ಶೌಚಾಲಯ ಇದೆ, ಬಿಸಿ ಕಾಫಿ ಸಿಗುತ್ತದೆ, ಅಲುಗಾಟ ಕಡಿಮೆ. ಕಟಕಟೆಯ ಬಳಿ ಜಾಗಕ್ಕೆ ನೂಕುನುಗ್ಗಲು. ನಲವತ್ತು ಐವತ್ತು ಜನರ ನಡುಗಾತ್ರದ ದೋಣಿ ನನಗೆ ಇಷ್ಟ, ಅದರಲ್ಲೂ ಜೋಡಿ ಒಡಲಿನ ಕಟಮರಾನ್ ಅಕ್ಕಪಕ್ಕ ಹೆಚ್ಚು ತೂಗುವುದಿಲ್ಲ. ಆರು ಜನರ ರಬ್ಬರ್ ದೋಣಿಯಲ್ಲಿ ನೀರಿನ ಮಟ್ಟದಲ್ಲೇ ಕುಳಿತು ತಿಮಿಂಗಿಲದ ಕಣ್ಣು ನೋಡಬಹುದು. ಬೆನ್ನು ನೋವಿನವರು, ಗರ್ಭಿಣಿಯರು, ಪದೇ ಪದೇ ಶೌಚಾಲಯಕ್ಕೆ ಹೋಗಬೇಕಾದವರು ಅದರ ಹತ್ತಿರವೂ ಸುಳಿಯಬಾರದು.

ನ್ಯಾಚುರಲಿಸ್ಟ್ ಇದ್ದಾರೆ ಎಂದು ಎಲ್ಲ ಜಾಹೀರಾತುಗಳೂ ಹೇಳುತ್ತವೆ. ಒಳ್ಳೆಯವರನ್ನು ಗುರುತಿಸಲು ನನ್ನದೊಂದು ಉಪಾಯವಿದೆ. ಕಂಪನಿಯ ಜಾಲತಾಣದಲ್ಲಿ ದಿನದಿನದ ವರದಿ ಇದೆಯೇ ನೋಡಿ. 'ಹಂಪ್‌ಬ್ಯಾಕ್ 9, ರಿಸ್ಸೋ ಡಾಲ್ಫಿನ್ 40, ಕಪ್ಪು ಕಾಲಿನ ಆಲ್ಬಟ್ರಾಸ್ 2' ಎಂದು ಹಕ್ಕಿಯನ್ನೂ ಸೇರಿಸಿ ಎಣಿಸಿ ಬರೆದಿದ್ದರೆ ಆ ದೋಣಿಯಲ್ಲಿ ಕಣ್ಣಿರುವವರು ಇದ್ದಾರೆ ಎಂದರ್ಥ. 'ಇವತ್ತೂ ಅದ್ಭುತ ದಿನ' ಎಂದಷ್ಟೇ ಇದ್ದರೆ ಅನುಮಾನಿಸಿ. ಏನೂ ಕಾಣದ ದಿನವನ್ನು ಏನೂ ಕಾಣಲಿಲ್ಲ ಎಂದೇ ಬರೆಯುವವರಿಗೆ ನನ್ನ ಹಣ ಮೀಸಲು. ತಿಮಿಂಗಿಲಕ್ಕೂ ದೋಣಿಗೂ ಕನಿಷ್ಠ ಸುಮಾರು 90 ಮೀಟರ್ ಅಂತರವಿರಬೇಕು ಎಂಬ ಮಾರ್ಗಸೂಚಿ ಇಲ್ಲಿದೆ. ತಿಮಿಂಗಿಲ ತಾನಾಗಿ ಹತ್ತಿರ ಬಂದರೆ ಅದರ ಇಷ್ಟ. ಮುಟ್ಟುವಷ್ಟು ಸಮೀಪ ಕರೆದೊಯ್ಯುತ್ತೇವೆ ಎನ್ನುವವರನ್ನು ಬಿಟ್ಟುಬಿಡಿ.

ದಿಕ್ಕು ಹೇಳಲು ಇವರು ಗಡಿಯಾರ ಬಳಸುತ್ತಾರೆ. ದೋಣಿಯ ಮೂತಿ ಹನ್ನೆರಡು ಗಂಟೆ, ಬಲಕ್ಕೆ ಮೂರು, ಹಿಂದೆ ಆರು, ಎಡಕ್ಕೆ ಒಂಬತ್ತು. ಹತ್ತುವ ಮೊದಲೇ ಮನೆಯವರಿಗೆ ಇದನ್ನು ಹೇಳಿಬಿಡಿ. 'ಮೂರು ಗಂಟೆಗೆ ಹಂಪ್‌ಬ್ಯಾಕ್' ಎಂದು ಕೂಗಿದಾಗ ಮಾವನವರು ಕೈಗಡಿಯಾರ ನೋಡಿ 'ಇನ್ನೂ ಹತ್ತೂವರೆ, ಅಷ್ಟು ಹೊತ್ತು ಇಲ್ಲೇ ಕಾಯಬೇಕೇ?' ಎಂದು ಕೇಳಿ ಮುಗಿಸುವಷ್ಟರಲ್ಲಿ ಅದು ಎಗರಿ ಬಿದ್ದಾಗಿತ್ತು.

ಹಂಪ್‌ಬ್ಯಾಕ್ ಮುಳುಗುವಾಗ ಬಾಲದ ಅಡಿಭಾಗದ ಚಿತ್ರ ತೆಗೆಯಿರಿ. ಅಲ್ಲಿನ ಕಪ್ಪು ಬಿಳಿ ಮಚ್ಚೆ ನಮ್ಮ ಹೆಬ್ಬೆರಳಿನ ಗುರುತಿನಂತೆ, ಒಂದರಂತೆ ಇನ್ನೊಂದಿಲ್ಲ. ಹ್ಯಾಪಿವೇಲ್ ಎಂಬ ಜಾಲತಾಣಕ್ಕೆ ಏರಿಸಿದರೆ ಅದೇ ತಿಮಿಂಗಿಲ ಹಿಂದೆ ಎಲ್ಲಿ ಕಂಡಿತ್ತೆಂದು ಹುಡುಕಿ ಹೇಳುತ್ತಾರೆ.

ಹೊಟ್ಟೆಯ ವಿಚಾರ

ಮುಂಗಡ ಕಾದಿರಿಸುವಾಗ ಬೆಳಗಿನ ಮೊದಲ ದೋಣಿಯನ್ನೇ ಆರಿಸಿ, ಗಾಳಿ ಮಧ್ಯಾಹ್ನ ಏರುತ್ತದೆ. ಹಿಂದಿನ ರಾತ್ರಿ ಕಡಲಿನಲ್ಲಿ ಅಲೆ ಅಳೆಯುವ ತೇಲುಬುರುಡೆ (ಬೋಯ್) 46042ರ ಮಾಹಿತಿಯನ್ನು ಅಮೆರಿಕದ ಹವಾಮಾನ ಇಲಾಖೆಯ ತಾಣದಲ್ಲಿ ನೋಡಿ. ಅಲೆಯ ಎತ್ತರವೊಂದನ್ನೇ ನೋಡಿ ಹೆದರಬೇಡಿ. ಆರು ಅಡಿಯ ಅಲೆ ಹದಿಮೂರು ಸೆಕೆಂಡಿಗೊಂದು ಬಂದರೆ ಅದು ತೊಟ್ಟಿಲು. ಅದೇ ಆರು ಅಡಿ ಆರು ಸೆಕೆಂಡಿಗೊಂದು ಬಂದರೆ ಒನಕೆ ಏಟು.

ಮಾತ್ರೆ ತೆಗೆದುಕೊಳ್ಳುವವರು ದೋಣಿ ಹತ್ತುವ ಒಂದು ಗಂಟೆ ಮೊದಲು ತೆಗೆದುಕೊಳ್ಳಬೇಕು. ವಾಕರಿಕೆ ಶುರುವಾದ ಮೇಲೆ ನುಂಗಿದ್ದು ಮೀನಿಗೆ ಹೋಗುತ್ತದೆ. ಅಮ್ಮ ಊರಿನಿಂದ ತಂದಿರುವ ಅವೊಮಿನ್ ಇಲ್ಲಿಯೂ ಕೆಲಸ ಮಾಡುತ್ತದೆ, ನಿದ್ದೆ ಜಾಸ್ತಿ ಬರುತ್ತದೆ ಅಷ್ಟೇ. ಇಲ್ಲಿನ ಅಂಗಡಿಗಳಲ್ಲಿ ಮೆಕ್ಲಿಜಿನ್ ಚೀಟಿಯಿಲ್ಲದೆ ಸಿಗುತ್ತದೆ. ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇರುವ ಹಿರಿಯರು ಯಾವುದನ್ನೂ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಖಾಲಿ ಹೊಟ್ಟೆಯೂ ಕೆಟ್ಟದ್ದು, ಪೂರಿ ಸಾಗುವೂ ಕೆಟ್ಟದ್ದು. ಎರಡು ಇಡ್ಲಿ, ಜೇಬಿನಲ್ಲಿ ಶುಂಠಿ ಮಿಠಾಯಿ ಸಾಕು. ಕುಳಿತುಕೊಳ್ಳುವುದು ದೋಣಿಯ ಹಿಂಭಾಗದ ನಡುವೆ, ಕಣ್ಣು ದಿಗಂತದ ಮೇಲೆ. ಮೊಬೈಲ್ ನೋಡಬೇಡಿ, ಒಳಗಿನ ಕೋಣೆಗೆ ಹೋಗಿ ಮಲಗಬೇಡಿ. ನಾನು ಎರಡು ಸಲವೂ ಸೋತದ್ದು ಕ್ಯಾಮೆರಾ ಪರದೆಯಲ್ಲಿ ಚಿತ್ರ ಅಳಿಸುತ್ತಾ ಕುಳಿತಾಗ.

ಸ್ಯಾನ್ ಹೊಸೆಯಲ್ಲಿ 32 ಡಿಗ್ರಿ ಇರುವ ದಿನ ಕೊಲ್ಲಿಯಲ್ಲಿ 14 ಇರುತ್ತದೆ, ಮೇಲೆ ಗಾಳಿ. ಹಿರಿಯರು ಊರಿನಿಂದ ಪೆಟ್ಟಿಗೆಯಲ್ಲಿ ತಂದ ಮಂಕಿ ಕ್ಯಾಪ್‌ಗೆ ಇಡೀ ಅಮೆರಿಕದಲ್ಲಿ ಇದೇ ಸರಿಯಾದ ಜಾಗ. ದುರ್ಬೀನು ಕೊಳ್ಳುವುದಿದ್ದರೆ ಎಂಟು ಪಟ್ಟಿನದು ಸಾಕು, ಹತ್ತು ಪಟ್ಟಿನದು ಅಲುಗಾಟದಲ್ಲಿ ಕಣ್ಣಿಗೆ ನಿಲ್ಲುವುದಿಲ್ಲ.

ಇನ್ನು ದೋಣಿಯೇ ಬೇಡ ಎನ್ನುವವರಿದ್ದಾರೆ. ನಮ್ಮತ್ತೆ ಎರಡನೆಯ ಸಲ ಬಂದಾಗ ಖಡಾಖಂಡಿತ ಹೇಳಿಬಿಟ್ಟರು, ಆ ವಾಸನೆಗೆ ಇನ್ನೊಮ್ಮೆ ಬರುವುದಿಲ್ಲ ಎಂದು. ಪೆಸಿಫಿಕ್ ಗ್ರೋವ್‌ನಲ್ಲಿ 1855ರಿಂದ ಉರಿಯುತ್ತಿರುವ ಪಾಯಿಂಟ್ ಪಿನೋಸ್ ದೀಪಸ್ತಂಭದ ಎದುರು ಬಂಡೆಗಳ ಬಳಿ ವಾಹನ ನಿಲ್ಲಿಸಿ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟೆ. ಆಗಸ್ಟ್ ತಿಂಗಳು, ಮಂಜು ಆಗಷ್ಟೇ ಎದ್ದಿತ್ತು. ಶಿಯರ್‌ವಾಟರ್‌ಗಳು ಅಲೆಗಳ ಮೇಲೆ ಒಂದೇ ಸಾಲಾಗಿ ಉತ್ತರಕ್ಕೆ ಹೋಗುತ್ತಿದ್ದವು. ಸಾಲು ಈಗ ಮುಗಿಯುತ್ತದೆ, ಆಗ ಮುಗಿಯುತ್ತದೆ ಎಂದು ಅತ್ತೆ ಲೋಟ ಹಿಡಿದೇ ಕುಳಿತಿದ್ದರು. ಅವರ ಕಾಫಿ ಆರಿಹೋಯಿತು, ಸಾಲು ಇನ್ನೂ ಹೋಗುತ್ತಲೇ ಇತ್ತು.